ಪಂಕ್ತಿಭೇದವಿಲ್ಲದ ಕಪಾಟು

ರಾಜಾಜಿನಗರದ ಆ ಮನೆಯ ಮಹಡಿ ಮೆಟ್ಟಿಲು ಹತ್ತುವಾಗಲೇ ವಾಸನೆಯಲ್ಲಿ ಗೊತ್ತಾಗಿಬಿಡುತ್ತದೆ, ಮಾಮ ಆಗಲೇ ಕೂತಾಯಿತು ಅಂತ. ಹಳೆಯ ಆಂಪ್ಲಿಫೈಯರ್ ಬಿಸಿಯೇರಿ ಅದರೊಳಗಿನ ದೂಳು ಕಾಯುವ ವಾಸನೆ ಅದು. ಜತೆಗೆ ನುಸಿಗುಳಿಗೆ, ಕೆಳಗಿನ ಅಡುಗೆಮನೆಯಿಂದ ಹತ್ತಿ ಬರುವ ಡಿಕಾಕ್ಷನ್ನಿನ ಘಮ. ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋಗುತ್ತಿದ್ದಾಳೆ. ಮೇಲಿನ ಕೋಣೆಯಲ್ಲಿ ಸ್ಯಾಂಡಿ ಡೆನ್ನಿ ಹಾಡುತ್ತಿದ್ದಾಳೆ. ಎರಡೂ ದನಿಗಳು ಕಿಟಕಿಯ ಹತ್ತಿರ ಒಂದನ್ನೊಂದು ಸವರಿಕೊಂಡು ಹೋಗುತ್ತವೆ. ಅಡುಗೆಮನೆಯಿಂದ ಅತ್ತೆಯ ದನಿ ಇವೆರಡನ್ನೂ ಮೀರಿಸುತ್ತದೆ: “ರೀ, ಒಂದೀಟು ಸಣ್ಣ ಮಾಡ್ರಿ. ಕುಕ್ಕರ್ ಸೀಟಿ ಕೇಳವಲ್ದು.”

ಕೋಣೆ ದೊಡ್ಡದೇನಲ್ಲ. ಒಂದು ಚಾಪೆ, ಒಂದು ಬೆತ್ತದ ಕುರ್ಚಿ, ಸ್ಟೂಲಿನ ಮೇಲೆ ರೆಕಾರ್ಡ್ ಪ್ಲೇಯರು, ಎರಡು ಮೂಲೆಗೆ ಎರಡು ಸ್ಪೀಕರು. ಮಿಕ್ಕಿದ್ದೆಲ್ಲ ಕಪಾಟು. ಪ್ಯಾಕಿಂಗ್ ಪೆಟ್ಟಿಗೆಗಳ ಹಲಗೆ ಕೊಂಡು ಮಾಡಿಸಿದ್ದು. ಒಂದು ಹಲಗೆಯ ಅಂಚಿನಲ್ಲಿ ‘ಈ ಕಡೆ ಮೇಲೆ’ ಎಂಬ ಬಾಣದ ಗುರುತು ಇನ್ನೂ ಇದೆ, ಅದು ಈಗ ನೆಲ ತೋರಿಸುತ್ತದೆ.

ಮಾಮ ರೆಕಾರ್ಡು ತೆಗೆಯುವುದನ್ನು ನೋಡಬೇಕು. ಕೈ ತೊಳೆದು ಪಂಚೆಯ ತುದಿಗೆ ಒರೆಸಿಕೊಂಡು, ಕವರಿನಿಂದ ಮೆಲ್ಲಗೆ ಜಾರಿಸಿ, ಅಂಚನ್ನಷ್ಟೇ ಎರಡು ಅಂಗೈಗಳ ನಡುವೆ ಹಿಡಿದು ತರುತ್ತಾರೆ. ಬಾಳೆಲೆಯ ಮೇಲೆ ತಟ್ಟಿದ ಒಬ್ಬಟ್ಟನ್ನು ಹಂಚಿಗೆ ಹಾಕುವಾಗಿನ ಎಚ್ಚರ ಅದು. ಮುಳ್ಳು ಇಳಿಯುತ್ತದೆ. ಮೊದಲು ಬರೀ ಚಟಪಟ. ಕೆಳಗಿನಿಂದ ಅತ್ತೆ, “ಒಗ್ಗರಣಿ ಸಿಡೀತು, ಇನ್ನ ಸಾರು ಬರಲಿ” ಅನ್ನುತ್ತಾರೆ. ಮಾಮ ನಗುವುದಿಲ್ಲ. ತುಟಿಯ ಮೇಲೆ ಬೆರಳಿಟ್ಟುಕೊಂಡು ನನಗೆ ಚಾಪೆ ತೋರಿಸುತ್ತಾರೆ.

ಈಗ ತಿರುಗುತ್ತಿರುವುದು ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ ‘ಲೀಜ್ ಅಂಡ್ ಲೀಫ್’. 1969ರದು. ಮಾಮನಿಗೆ ಹಾಡು ಕೇಳಿಸಿದರಷ್ಟೇ ಸಾಲದು, ಅದು ಹುಟ್ಟಿದ ಮನೆಯನ್ನೂ ತೋರಿಸಬೇಕು. ಆ ವರ್ಷದ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕಾರ್ಯಕ್ರಮ ಮುಗಿಸಿ ಲಂಡನ್ನಿಗೆ ವಾಪಸಾಗುವಾಗ ತಂಡದ ವ್ಯಾನು ಹೆದ್ದಾರಿಯಲ್ಲಿ ಉರುಳಿತು. ಡ್ರಮ್ ಬಾರಿಸುತ್ತಿದ್ದ ಮಾರ್ಟಿನ್ ಲ್ಯಾಂಬಲ್ ಸತ್ತ; ಅವನಿಗೆ 19 ವರ್ಷ. ಗಿಟಾರಿನ ರಿಚರ್ಡ್ ಥಾಂಪ್ಸನ್‌ನ ಗೆಳತಿಯೂ ಸತ್ತಳು. ತಂಡವನ್ನೇ ಮುಚ್ಚಿಬಿಡೋಣವೇ ಎಂದು ಯೋಚಿಸಿದ ಹುಡುಗರು ಕೊನೆಗೆ ಹ್ಯಾಂಪ್‌ಶೈರಿನ ಒಂದು ಹಳ್ಳಿಯಲ್ಲಿ ಮನೆ ಬಾಡಿಗೆಗೆ ಹಿಡಿದರು. ಇಂಗ್ಲೆಂಡಿನ ಹಳ್ಳಿಗರಿಂದ ಸಂಗ್ರಹಿಸಿಟ್ಟಿದ್ದ ಹಳೆಯ ಕಥನಗೀತೆಗಳನ್ನು ಹುಡುಕಿ ತೆಗೆದು, ಎಲೆಕ್ಟ್ರಿಕ್ ಗಿಟಾರು, ಪಿಟೀಲು, ಡ್ರಮ್ಮುಗಳ ನಡುವೆ ಕೂರಿಸಿದರು. “ಪೆಟ್ಟು ತಿಂದ ಮಕ್ಕಳು ಅಜ್ಜಿ ಮಡಿಲಿಗೆ ಓಡಿದ ಹಾಗೆ ಕಣೋ” ಅನ್ನುತ್ತಾರೆ ಮಾಮ.

‘ಮ್ಯಾಟಿ ಗ್ರೋವ್ಸ್’ ಬರುತ್ತದೆ. ದೊರೆಯ ಹೆಂಡತಿ ಒಬ್ಬ ಬಡ ಹುಡುಗನನ್ನು ಮೆಚ್ಚಿ ಮನೆಗೆ ಕರೆಯುತ್ತಾಳೆ, ಆಳು ಓಡಿಹೋಗಿ ದೊರೆಗೆ ಹೇಳುತ್ತಾನೆ, ಬೆಳಗಾಗುವ ಹೊತ್ತಿಗೆ ಇಬ್ಬರ ಹೆಣ ಬೀಳುತ್ತದೆ. ಇಷ್ಟು ರಕ್ತ ಹರಿದರೂ ತಂಡದ ಗಾಯಕಿ ಸ್ಯಾಂಡಿ ಡೆನ್ನಿಯ ದನಿಯಲ್ಲಿ ಒಂದು ಹನಿ ಕಣ್ಣೀರಿಲ್ಲ. ಹೀಗಾಯಿತು, ಆಮೇಲೆ ಹೀಗಾಯಿತು ಎಂದು ಹೇಳುತ್ತಾ ಹೋಗುತ್ತಾಳೆ, ಅಷ್ಟೇ. ಮಾಮ ಕಣ್ಣು ಮುಚ್ಚಿಕೊಂಡೇ, “ಕೆರೆಗೆ ಹಾರ” ಅನ್ನುತ್ತಾರೆ. ಹೌದಲ್ಲ. ಆ ಜನಪದ ಕಥನಗೀತೆಯಲ್ಲಿ ಕೆರೆಗೆ ಬಲಿಯಾಗುವ ಭಾಗೀರಥಿ ಒಂದೊಂದೇ ಮೆಟ್ಟಿಲು ಏರುವಾಗಲೂ ನಮ್ಮ ಹಾಡುಗಾರ್ತಿಯರು ಅಳುವುದಿಲ್ಲ. ನೀರು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು, ನಡುವಿಗೆ ಬಂತು ಎಂದು ಲೆಕ್ಕ ಒಪ್ಪಿಸುತ್ತಾರೆ. ಅಳು ಕೇಳುವವರ ಪಾಲಿಗೆ ಬಿಟ್ಟದ್ದು. ಹ್ಯಾಂಪ್‌ಶೈರಿನಲ್ಲೂ ಅದೇ ವ್ಯವಹಾರ.

ಸ್ಯಾಂಡಿ ಡೆನ್ನಿಯ ಮಾತು ಬಂದರೆ ಮಾಮ ಇನ್ನೊಂದು ಕವರು ಎಳೆಯದೆ ಬಿಡುವುದಿಲ್ಲ. 1971ರ ಲೆಡ್ ಝೆಪ್ಪೆಲಿನ್ ರೆಕಾರ್ಡಿನಲ್ಲಿ ಮ್ಯಾಂಡೊಲಿನ್ ಮೇಲೆ ನಡೆಯುವ ಒಂದು ಹಾಡಿದೆ. ಅದರಲ್ಲಿ ರಾಬರ್ಟ್ ಪ್ಲಾಂಟ್ ಜತೆ ಹಾಡಿದವಳು ಇವಳೇ. ಆ ತಂಡದ ಆಲ್ಬಮ್ಮುಗಳಲ್ಲಿ ಹೊರಗಿನವರು ಹೀಗೆ ದನಿ ಸೇರಿಸಿದ್ದು ಅದೊಂದೇ ಸಲ. 1978ರಲ್ಲಿ ತೀರಿಕೊಂಡಳು, 31 ವರ್ಷಕ್ಕೆ. ಈ ಕೊನೆಯ ಮಾತನ್ನು ಮಾಮ ಪ್ರತಿ ಸಲವೂ, ಹೋದ ವಾರ ತಾನೇ ಸುದ್ದಿ ಬಂದವರಂತೆ ಹೇಳುತ್ತಾರೆ.

ಆ ಕಪಾಟಿನ ಕ್ರಮ ಹೊಸಬರಿಗೆ ಅರ್ಥವಾಗುವುದಿಲ್ಲ. ಅಕ್ಷರಮಾಲೆ ಇಲ್ಲ, ಭಾಷೆಯ ಲೆಕ್ಕವಿಲ್ಲ, ಎಲ್ಪಿಯ ಪಕ್ಕ ಕ್ಯಾಸೆಟ್ಟು, ಕ್ಯಾಸೆಟ್ಟಿನ ಪಕ್ಕ ಸಿಡಿ. ಬಾಬ್ ಡಿಲನ್‌ಗೆ ಒತ್ತಿಕೊಂಡು ಅಶ್ವತ್ಥ್ ಹಾಡಿದ ಶಿಶುನಾಳ ಶರೀಫರ ಪದಗಳು. ಒಂಟಿ ಕಾಲಲ್ಲಿ ನಿಂತು ಕೊಳಲೂದುವ ಜೆತ್ರೋ ಟಲ್‌ನ ಇಯಾನ್ ಆಂಡರ್ಸನ್ ಪಕ್ಕ ನಮ್ಮ ಕೊಳಲಿನ ಮಾಲಿ. ಸಂಕೋಚದ ಪ್ರಾಣಿ ನಿಕ್ ಡ್ರೇಕ್ ಕೊನೆಯಲ್ಲಿ, ಗೋಡೆಗೆ ಆನಿಕೊಂಡು. ಅವನಿಗೆ ಜತೆಯಾಗಿ ಕಾಳಿಂಗರಾಯರು. “ಊಟಕ್ಕೆ ಕೂರಿಸೋದಿಲ್ವೇನೋ, ಹಾಗೆ. ಯಾರ ಪಕ್ಕ ಯಾರು ಕೂತರೆ ಮಾತು ನಡೆಯುತ್ತೋ ಅವರ ಪಕ್ಕ ಅವರು. ನಮ್ಮಲ್ಲಿ ಪಂಕ್ತಿಭೇದ ಇಲ್ಲ.”

ಈ ಔದಾರ್ಯದ ಮೂಲ ಕೆದಕಿದರೆ ಸಿಗುವುದು ಸಂಬಳದ ಚೀಟಿ. ಎಂಬತ್ತರ ದಶಕದಲ್ಲಿ ವಿದೇಶಿ ಎಲ್ಪಿ ಕೈಗೆಟುಕುವ ವಸ್ತುವಾಗಿರಲಿಲ್ಲ. ಯಾರದೋ ತಮ್ಮ ಹೊರದೇಶದಿಂದ ತಂದದ್ದನ್ನು ಎರಡು ದಿನಕ್ಕೆ ಎರವಲು ಪಡೆದು, ರೆಕಾರ್ಡಿಂಗ್ ಅಂಗಡಿಗೆ ಕೊಟ್ಟು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಳ್ಳಬೇಕು. ಸಿ-60 ಕ್ಯಾಸೆಟ್ಟೆಂದರೆ ಒಂದೊಂದು ಮಗ್ಗುಲಿಗೆ ಅರ್ಧ ಗಂಟೆ. ನಿಕ್ ಡ್ರೇಕ್ ಎರಡು ರಾತ್ರಿ ಕೂತು ಹಾಡಿ ಮುಗಿಸಿದ ‘ಪಿಂಕ್ ಮೂನ್’ ಇಡೀ ಆಲ್ಬಮ್ಮೇ ಸುಮಾರು 28 ನಿಮಿಷ. ಒಂದು ಮಗ್ಗುಲಿಗೆ ಹೇಳಿ ಮಾಡಿಸಿದಂತೆ ಕೂತಿತು. ಇನ್ನೊಂದು ಮಗ್ಗುಲನ್ನು ಖಾಲಿ ಬಿಡುವುದುಂಟೆ? ಆಕಾಶವಾಣಿಯಲ್ಲಿ ಬಂದ ಕಾಳಿಂಗರಾಯರನ್ನು ಟೂ-ಇನ್-ಒನ್ ಒತ್ತಿ ತುಂಬಿಸಿದ್ದಾಯಿತು. ರಂಗೂನಿನಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಬೆಳೆದು, 26ಕ್ಕೇ ಹೋಗಿಬಿಟ್ಟ ಹುಡುಗನ ಬೆನ್ನಿಗೆ ಬೆನ್ನು ಹಚ್ಚಿ ನಮ್ಮ ಜನಪದ ಗೀತೆಗಳು. ವರ್ಷಗಟ್ಟಲೆ ಕ್ಯಾಸೆಟ್ ತಿರುವಿ ಹಾಕುತ್ತಾ ಮಾಮನ ಕಿವಿಯಲ್ಲಿ ಅವರಿಬ್ಬರೂ ಒಂದೇ ಮನೆಯವರಾಗಿಬಿಟ್ಟರು. ಕಪಾಟು ಆಮೇಲೆ ಬಂದದ್ದು.

ಹಾಗೆ ನೋಡಿದರೆ ಬೆಂಗಳೂರು ಕೂಡ ಒಂದು ಸಿ-60 ಕ್ಯಾಸೆಟ್ಟೇ. 2005ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಗಿಟಾರಿನ ಮಾರ್ಕ್ ನಾಫ್ಲರ್ ಬಂದ. ಮಾಮನ ಜತೆ ನಾನೂ ಹೋಗಿದ್ದೆ. ಒಂದು ಕಾಲದಲ್ಲಿ ಲೀಡ್ಸ್‌ನಲ್ಲಿ ಪತ್ರಿಕೆಯ ವರದಿಗಾರನಾಗಿದ್ದ ಮನುಷ್ಯ. ಹೆಚ್ಚು ಮಾತಿಲ್ಲ, ಆರ್ಭಟವಿಲ್ಲ. ಪ್ಲೆಕ್ಟ್ರಮ್ಮಿನ ಹಂಗಿಲ್ಲದೆ ಬರಿಬೆರಳಿನಲ್ಲೇ ತಂತಿ ಮೀಟುವವನು. ಒಂದೊಂದು ಸ್ವರವೂ ಕತ್ತಲಲ್ಲಿ ಸ್ವಲ್ಪ ಹೊತ್ತು ನಿಂತು, ನಮ್ಮನ್ನೊಮ್ಮೆ ನೋಡಿ, ಆಮೇಲೆ ಹೋಗುತ್ತಿತ್ತು. “ವೈಣಿಕ ಕಣೋ ಇವನು” ಎಂದು ಮಾಮ ನನ್ನ ಕಿವಿಯಲ್ಲಿ ಕೂಗಿದರು.

ಮುಂದಿನ ತಿಂಗಳೇ ಅದೇ ಮೈದಾನದಲ್ಲಿ ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ ಗಾಯನ. ಸೇರಿದ್ದು ಲಕ್ಷಕ್ಕೂ ಮೀರಿದ ಜನ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಚಿತ್ರಾನ್ನದ ಡಬ್ಬಿ ತಂದವರು, ಬಸ್ಸಿಳಿದು ನೇರ ಓಡಿಬಂದವರು. ಐಟಿಐ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದ ಅಶ್ವತ್ಥ್, ಅಲ್ಲೇ ದುಡಿದ ಮಾಮನ ಪಾಲಿಗೆ ‘ನಮ್ಮ ಫ್ಯಾಕ್ಟರಿಯವರು’. ಆ ಕಂಚಿನ ಕಂಠ ತಾರಕಕ್ಕೇರಿ ಒಂದು ಕ್ಷಣ ಒಡೆಯುವ ಜಾಗವಿದೆಯಲ್ಲ, ಅಲ್ಲಿ ಮಾಮ ನನ್ನ ತೋಳನ್ನು ಚಿವುಟಿದರು. ನಾಫ್ಲರ್ ಬಂದಾಗ ಚಿವುಟಿದ್ದೂ ಅದೇ ತೋಳನ್ನೇ. ಎರಡು ಸಲವೂ ಅದೇ ಬಾಟಾ ಚಪ್ಪಲಿ, ಅದೇ ಕೆಂಪು ದೂಳು. ಬಚ್ಚಲಲ್ಲಿ ಚಪ್ಪಲಿಗೆ ನೀರು ಹೊಯ್ದ ಅತ್ತೆಗೆ, ಇದು ಯಾವ ಹಾಡಿನ ದೂಳು ಅಂತ ಗೊತ್ತಾಗಲಿಲ್ಲ.

ಹೀಗೆ ಬೆರೆಯುವ ಸಂಗೀತಕ್ಕೆ ಬೇಲಿ ಕಟ್ಟುವವರ ಕತೆ ಹೇಳಬೇಕೆಂದರೆ ಮಾಮ ಡಿಲನ್‌ನನ್ನು ತೆಗೆಯುತ್ತಾರೆ. 1965ರ ಜುಲೈ 25, ನ್ಯೂಪೋರ್ಟ್ ಜನಪದ ಸಂಗೀತೋತ್ಸವ. ಮರದ ಗಿಟಾರು, ಹಾರ್ಮೊನಿಕಾ ಹಿಡಿದು ಎರಡು ವರ್ಷದಿಂದ ಅಲ್ಲಿ ಎಲ್ಲರ ಕಣ್ಮಣಿಯಾಗಿದ್ದ ಹುಡುಗ ಆ ರಾತ್ರಿ ಎಲೆಕ್ಟ್ರಿಕ್ ಗಿಟಾರು ನೇತುಹಾಕಿಕೊಂಡು ಬಂದ. ಹಿಂದೆ ಅಬ್ಬರದ ವಾದ್ಯವೃಂದ. ಅದರ ಜತೆ ಹಾಡಿದ್ದು ಮೂರೇ ಹಾಡು. ಅಷ್ಟರಲ್ಲೇ ಜನರಲ್ಲಿ ಕೆಲವರು ಛೀ ಥೂ ಎಂದು ಕೂಗಿದರು. ಜನಪದವನ್ನು ಮಾರಿಕೊಂಡನೆಂದು ಕೂಗಿದರೋ, ಧ್ವನಿವರ್ಧಕ ಕೆಟ್ಟದಾಗಿದೆಯೆಂದೋ, ಇಷ್ಟು ಬೇಗ ಮುಗಿಸಿದನೆಂದೋ, ಆ ಜಗಳ ಇವತ್ತಿಗೂ ಇತ್ಯರ್ಥವಾಗಿಲ್ಲ. ಹಿರಿಯ ಗಾಯಕ ಪೀಟ್ ಸೀಗರ್, ಮಾತು ಒಂದೂ ಕೇಳಿಸುತ್ತಿಲ್ಲ, ಕೊಡಲಿ ಇದ್ದಿದ್ದರೆ ಈ ವೈರನ್ನೇ ಕಡಿಯುತ್ತಿದ್ದೆ ಎಂದು ಸಿಡುಕಿದನಂತೆ. ಈ ಘಟ್ಟದಲ್ಲಿ ಮಾಮ ಎದ್ದು ನಿಲ್ಲುತ್ತಾರೆ. ಒಮ್ಮೆ ಅಡುಗೆಮನೆಯಿಂದ ತೆಂಗಿನಕಾಯಿಯ ಮಚ್ಚನ್ನೇ ತಂದು ಸ್ಪೀಕರಿನ ವೈರಿನ ಮೇಲೆ ಎತ್ತಿ ತೋರಿಸಿದ್ದರು. “ಮರುವರ್ಷ ಮ್ಯಾಂಚೆಸ್ಟರಿನಲ್ಲಿ ಯಾವನೋ ಎದ್ದು ಅವನನ್ನ ಜೂಡಾಸ್ ಅಂದುಬಿಟ್ಟ ಕಣೋ. ಗುರುದ್ರೋಹಿ ಅಂತ! ಕಾಸು ಕೊಟ್ಟು ಬಂದು ಕಿವಿ ಮನೇಲಿಟ್ಟು ಬರೋ ಜನ ಇವರು. ಇಂಥವರಿಗೆ ಏನು ಹೇಳೋದು?”

ಇಂಥ ಮಾಮನಿಗೆ 2008ರ ಒಂದು ಭಾನುವಾರ ನಾನೊಂದು ಹೊಸ ಸಿಡಿ ಒಯ್ದುಕೊಟ್ಟೆ. ರಘು ದೀಕ್ಷಿತ್ ಅವರ ಮೊದಲ ಆಲ್ಬಮ್. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, ಮೈಕ್ರೊಬಯಾಲಜಿ ಓದಿ, ಕೊನೆಗೆ ಗಿಟಾರು ಹಿಡಿದವರು. ಲುಂಗಿಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆಗೆ ಬರುವವರು. ಆಲ್ಬಮ್ಮಿನಲ್ಲಿ ಶರೀಫರ ಗುಡುಗುಡಿಯ ಪದವಿತ್ತು. ರಾಕೂ ಪ್ರಾಣ, ಶರೀಫರೂ ಪ್ರಾಣ, ಇದನ್ನು ಕೇಳಿ ಮಾಮ ಕುಣಿದಾಡುತ್ತಾರೆಂದು ನನ್ನ ಎಣಿಕೆ.

ಗಿಟಾರು ಶುರುವಾಯಿತು. ಮಾಮನ ಹುಬ್ಬು ಕೂಡಿತು. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಎದ್ದು ನಿಲ್ಲಿಸಿಬಿಟ್ಟರು.

“ಶರೀಫರ ಪದಕ್ಕೆ ಇಷ್ಟು ಕುಣಿತ ಯಾಕೋ? ಅಶ್ವತ್ಥ್ ಹಾಡಿದ್ದು ಸಾಲದಾಗಿತ್ತಾ ಇವರಿಗೆ?”

ನಾನು ಬಾಯಿ ಬಿಡಲಿಲ್ಲ. ಸಿಡಿ ಕಪಾಟಿಗೆ ಹೋಗಲಿಲ್ಲ. ಆಂಪ್ಲಿಫೈಯರಿನ ಮೇಲೆ, ಕರೆಂಟ್ ಬಿಲ್ಲಿನ ಅಡಿಯಲ್ಲಿ ನಾಲ್ಕು ಭಾನುವಾರ ಬಿದ್ದಿತ್ತು. ಪಂಕ್ತಿಯ ಹೊರಗೆ, ಜಗುಲಿಯ ಮೇಲೆ ಕಾಯುತ್ತಾ ಕೂತ ನೆಂಟನ ಹಾಗೆ.

ಐದನೆಯ ಭಾನುವಾರ ಅತ್ತೆ ಕಾಫಿ ತಂದವರು ಬಿಲ್ಲು ಹುಡುಕುವಾಗ ಅದನ್ನು ಕೈಗೆತ್ತಿಕೊಂಡರು. ಅತ್ತೆಯ ತೌರು ಹಾವೇರಿ ಜಿಲ್ಲೆ. ಶರೀಫರ ಶಿಶುನಾಳವಿರುವ ಶಿಗ್ಗಾಂವಿ ಸೀಮೆ.

“ಇದನ್ನ ಯಾಕ ಹೊರಗ ಒಗದೀರಿ?”

“ಶರೀಫರನ್ನ ಕೆಡಿಸಿದ್ದಾರೆ” ಎಂದರು ಮಾಮ.

ಅತ್ತೆ ಕಾಫಿ ಲೋಟ ಸ್ಟೂಲಿನ ಮೇಲಿಟ್ಟರು. “ನಿಮ್ಮ ಅಶ್ವತ್ಥ್ ಅವರ ಕ್ಯಾಸೆಟ್ ಮೊದಲ ಸಲ ನಮ್ಮೂರಿಗೆ ಬಂದಾಗ ನಮ್ಮ ಅಜ್ಜಾನೂ ಹಿಂಗ ಅಂದಿದ್ದ ನೋಡ್ರಿ. ಪದ ಅಂದ್ರ ಏಕತಾರಿ ಇರಬೇಕು, ದಮ್ಮಡಿ ಇರಬೇಕು, ಕೂತು ಭಜನಿ ಮಾಡಬೇಕು, ಇದೇನು ಪ್ಯಾಟಿ ಧಾಟಿ, ಅಂತ ಆಫ್ ಮಾಡಿಸಿಬಿಟ್ಟಿದ್ದ. ನಾನೂ ನಮ್ಮಕ್ಕಾನೂ ಅಂವ ಮಲಗಿದ ಮ್ಯಾಲೆ ಹಚ್ಚಿ ಕೇಳತಿದ್ವಿ.”

ಇಷ್ಟು ಹೇಳಿ ಬಿಲ್ಲು ತೆಗೆದುಕೊಂಡು ಕೆಳಗಿಳಿದು ಹೋದರು.

ಮಾಮ ಲೋಟ ಮುಟ್ಟಲಿಲ್ಲ. ಕಪಾಟಿನ ಕಡೆ ನೋಡುತ್ತಾ ಬಹಳ ಹೊತ್ತು ಕೂತಿದ್ದರು. ಕಾಫಿಯ ಮೇಲೆ ಕೆನೆ ಕಟ್ಟಿತು. ಆಮೇಲೆ ಹೊಟ್ಟೆ ಕುಲುಕುವ ಹಾಗೆ ನಗತೊಡಗಿದರು. “ಮಚ್ಚು ಎತ್ತಿದವನು ನಾನೇ ಅಲ್ವೇನೋ!”

ಎದ್ದು ಕೈ ತೊಳೆದು ಬಂದರು. ಡಿಲನ್‌ನ ಎಲ್ಪಿಗಳನ್ನು ಎಡಕ್ಕೆ ನೂಕಿ, ಶರೀಫರ ಕ್ಯಾಸೆಟ್ಟುಗಳನ್ನು ಬಲಕ್ಕೆ ಸರಿಸಿ, ಎರಡು ಬೆರಳಿನ ಜಾಗ ಮಾಡಿದರು. ಸಿಡಿಯ ಖಾಲಿ ಡಬ್ಬಿಯನ್ನು ಅಲ್ಲಿಟ್ಟರು. ತೆಳ್ಳಗಿನ ಡಬ್ಬಿ ನಿಲ್ಲದೆ ಹಿಂದಕ್ಕೆ ವಾಲಿತು. ನುಸಿಗುಳಿಗೆಯ ಪೊಟ್ಟಣ ಆನಿಸಿ ನಿಲ್ಲಿಸಿದ್ದಾಯಿತು. “ಹಾಕು” ಎಂದರು.

ಹಾಕಿದೆ. ಗಿಟಾರು ಬಂತು, ಪಿಟೀಲು ಬಂತು, ಗುಡುಗುಡಿಯ ಪದ ಕೋಣೆ ತುಂಬಿತು. ಮಾಮ ಈ ಸಲ ನಿಲ್ಲಿಸಲಿಲ್ಲ. ಕಾಲು ಚಾಪೆಯ ಮೇಲೆ ತಾಳ ಹಾಕಲೋ ಬೇಡವೋ ಎಂದು ಅನುಮಾನಿಸುತ್ತಿತ್ತು. ಅಷ್ಟರಲ್ಲಿ ಕೆಳಗಿನಿಂದ ಇನ್ನೊಂದು ದನಿ ಕೇಳಿಸಿತು. ಅತ್ತೆ ಹೆಸರುಕಾಳು ಹಸನು ಮಾಡುತ್ತಾ ತಮ್ಮಷ್ಟಕ್ಕೆ ಅದೇ ಪದ ಹಾಡಿಕೊಳ್ಳುತ್ತಿದ್ದರು. ರಘು ದೀಕ್ಷಿತ್ ಧಾಟಿಯಲ್ಲ, ಅಶ್ವತ್ಥ್ ಧಾಟಿಯೂ ಅಲ್ಲ. ನಿಧಾನ, ಎಳೆದು ಎಳೆದು, ಪ್ರತಿ ಸಾಲಿನ ತುದಿಯಲ್ಲಿ ಮೊರದ ಒಂದು ಕೊಡವು. ಅಜ್ಜನ ಭಜನೆಯ ಧಾಟಿ ಇರಬೇಕು. ಆ ಕಪಾಟಿನಲ್ಲಿ ಅದರ ಕ್ಯಾಸೆಟ್ ಇರಲಿಲ್ಲ.

ಮಾಮ ಬಾಗಿದರು. ಯಾರೂ ಕೂಗಿ ಹೇಳಿರದಿದ್ದರೂ, ಆಂಪ್ಲಿಫೈಯರಿನ ಗುಂಡಿಯನ್ನು ತಿರುಗಿಸಿ ಸಣ್ಣ ಮಾಡಿದರು. ಇನ್ನೂ ಸಣ್ಣ ಮಾಡಿದರು.