ಮೂತ್ರಪಿಂಡದ ಲೆಕ್ಕ ಮತ್ತು ಮೈಬಣ್ಣ

ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ರಕ್ತ ಪರೀಕ್ಷೆಯ ವರದಿಯಲ್ಲಿ ‘ಕ್ರಿಯಾಟಿನಿನ್’ ಎಂಬ ಸಾಲಿನ ಕೆಳಗೆ ‘ಇಜಿಎಫ್‌ಆರ್’ ಎಂಬ ಇನ್ನೊಂದು ಸಾಲನ್ನು ಕಂಡಿರಬಹುದು. ಮೊದಲನೆಯದು ಅಳೆದದ್ದು, ಎರಡನೆಯದು ಅದರಿಂದ ಲೆಕ್ಕ ಹಾಕಿದ್ದು. ಈ ಲೆಕ್ಕದಲ್ಲಿ ಅಮೇರಿಕದ ಕಪ್ಪು ಜನರಿಗೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅನ್ಯಾಯವಾಯಿತು.

ಕ್ರಿಯಾಟಿನಿನ್ ಎಂದರೆ ನಮ್ಮ ಮಾಂಸಖಂಡಗಳಲ್ಲಿ ದಿನವೂ ಹುಟ್ಟುವ ಒಂದು ಕಶ್ಮಲ. ಮೂತ್ರಪಿಂಡಗಳು ಅದನ್ನು ಸೋಸಿ ಹೊರಹಾಕುತ್ತವೆ. ಸೋಸುವ ಶಕ್ತಿ ಕುಂದಿದರೆ ಅದು ರಕ್ತದಲ್ಲೇ ಉಳಿಯುತ್ತದೆ. ಅದರ ಪ್ರಮಾಣ, ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಸೂತ್ರಕ್ಕೆ ಹಾಕಿದರೆ ಮೂತ್ರಪಿಂಡಗಳು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿವೆ ಎಂಬ ಅಂದಾಜು ದೊರೆಯುತ್ತದೆ.

1999ರಲ್ಲಿ ಅಮೇರಿಕದ 1,628 ರೋಗಿಗಳ ಅಧ್ಯಯನದಿಂದ ಇಂಥ ಒಂದು ಸೂತ್ರ ಬಂತು. ರೋಗಿ ಕಪ್ಪು ಜನಾಂಗದವರಾದರೆ ಉತ್ತರವನ್ನು 1.18ರಿಂದ ಗುಣಿಸಬೇಕೆಂದು ಅದು ಹೇಳಿತು. 2009ರ ಸೂತ್ರದಲ್ಲಿ ಅದು 1.159 ಆಯಿತು. ಸೋಸುವ ಶಕ್ತಿ ಒಂದೇ ಇದ್ದರೂ ಕಪ್ಪು ಜನರಲ್ಲಿ ಕ್ರಿಯಾಟಿನಿನ್ ಸರಾಸರಿ ಹೆಚ್ಚು ಕಂಡಿತ್ತು. ಅವರಿಗೆ ಮಾಂಸಖಂಡ ಹೆಚ್ಚಿರಬೇಕು ಎಂದು ಕಾರಣ ಕೊಟ್ಟರು. ಆ ಕಾರಣಕ್ಕೆ ಗಟ್ಟಿ ಆಧಾರವಿರಲಿಲ್ಲ. ತಂದೆ ಕಪ್ಪು, ತಾಯಿ ಬಿಳಿಯಾದರೆ ಯಾವ ಲೆಕ್ಕ? ಸೂತ್ರ ಅದನ್ನು ಹೇಳುವುದಿಲ್ಲ.

ಇದರಿಂದ ಆದ ನಷ್ಟ ಸಣ್ಣದಲ್ಲ. ಅಲ್ಲಿ ಬದಲಿ ಮೂತ್ರಪಿಂಡಕ್ಕೆ ಕಾಯುವವರ ಪಟ್ಟಿ ಇದೆ. ಡಯಾಲಿಸಿಸ್ ಆರಂಭವಾಗದ ರೋಗಿಯ ಕಾಯುವ ದಿನಗಳು ಎಣಿಕೆಗೆ ಬರಬೇಕಾದರೆ ಈ ಅಂಕಿ 20 ಅಥವಾ ಅದಕ್ಕಿಂತ ಕೆಳಗಿರಬೇಕು. ಒಬ್ಬ ಬಿಳಿಯನಿಗೆ 18 ಬಂತೆನ್ನಿ. ಅವನ ದಿನಗಳ ಎಣಿಕೆ ಶುರು. ಅದೇ ವಯಸ್ಸಿನ, ಅಷ್ಟೇ ಕ್ರಿಯಾಟಿನಿನ್ ಇರುವ ಕಪ್ಪು ಮನುಷ್ಯನಿಗೆ 18 ಅನ್ನು 1.159ರಿಂದ ಗುಣಿಸಿ ಸುಮಾರು 21 ಎಂದು ಬರೆಯುತ್ತಿದ್ದರು. ಅವನು ಪಟ್ಟಿಯ ಹೊರಗೇ ಉಳಿದ. ಮೂತ್ರಪಿಂಡ ಪೂರ್ತಿ ಕೆಡುವ ರೋಗ ಅಲ್ಲಿ ಕಪ್ಪು ಜನರಲ್ಲೇ ಬಹಳ ಹೆಚ್ಚು ಎಂಬುದನ್ನೂ ಇಲ್ಲಿ ನೆನೆಯಬೇಕು.

ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆ 2017ರಲ್ಲೇ ಈ ಗುಣಾಕಾರವನ್ನು ಬಿಟ್ಟಿತು. 2021ರ ಸೆಪ್ಟೆಂಬರಿನಲ್ಲಿ ಅಲ್ಲಿನ ರಾಷ್ಟ್ರೀಯ ಕಿಡ್ನಿ ಪ್ರತಿಷ್ಠಾನವೂ ಮೂತ್ರಪಿಂಡ ತಜ್ಞರ ಸಂಘವೂ ಜನಾಂಗವಿಲ್ಲದ ಹೊಸ ಸೂತ್ರವನ್ನು ಒಪ್ಪಿದವು. ಅದೂ ಪೂರ್ತಿ ಕರಾರುವಾಕ್ಕಲ್ಲ: ಕಪ್ಪು ಜನರಿಗೆ ನಿಜಕ್ಕಿಂತ ತುಸು ಕಡಿಮೆ, ಉಳಿದವರಿಗೆ ತುಸು ಹೆಚ್ಚು ತೋರಿಸುತ್ತದೆ. ಆದ್ದರಿಂದ ಸಂದೇಹವಿದ್ದಲ್ಲಿ ‘ಸಿಸ್ಟಾಟಿನ್ ಸಿ’ ಪರೀಕ್ಷೆಯನ್ನೂ ಮಾಡಬೇಕೆಂದು ಸಲಹೆಯಿತ್ತರು. ಅದು ಮಾಂಸಖಂಡವನ್ನು ಅಷ್ಟಾಗಿ ಅವಲಂಬಿಸಿಲ್ಲ, ಆದರೆ ದುಬಾರಿ.

ಕಳೆದ ದಿನಗಳನ್ನು ಹಿಂದಿರುಗಿಸುವ ಕೆಲಸ 2023ರ ಜನವರಿಯಲ್ಲಿ ಆರಂಭವಾಯಿತು. 2024ರ ಮಾರ್ಚ್ ಮಧ್ಯದೊಳಗೆ 14,300ಕ್ಕೂ ಹೆಚ್ಚು ಕಪ್ಪು ರೋಗಿಗಳ ಕಾಯುವ ಅವಧಿಗೆ ಸರಾಸರಿ ಎರಡು ವರ್ಷ ಸೇರಿತು. ಅಷ್ಟರಲ್ಲಿ ತೀರಿಹೋದವರಿಗೆ ಇದರಿಂದ ಏನೂ ದಕ್ಕಲಿಲ್ಲ.

ಆ ಗುಣಾಕಾರ ಭಾರತೀಯರಿಗೆ ಅನ್ವಯಿಸುತ್ತಿರಲಿಲ್ಲ. ಆದರೂ ಸೂತ್ರಕ್ಕೆ ನಮ್ಮ ಮೈಕಟ್ಟು ತಿಳಿಯದು. ಬಡಕಲು ದೇಹದ ವೃದ್ಧರಲ್ಲಿ ಮಾಂಸಖಂಡ ಕಡಿಮೆಯಾದ್ದರಿಂದ ಕ್ರಿಯಾಟಿನಿನ್ ಕೂಡ ಕಡಿಮೆ. ಮೂತ್ರಪಿಂಡ ಸೋತಿದ್ದರೂ ಅಂಕಿ ಚೆನ್ನಾಗಿಯೇ ಕಾಣಬಹುದು. ಹಿಂದಿನ ರಾತ್ರಿ ಮಾಂಸದೂಟ ಉಂಡಿದ್ದರೆ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಇಂಥವನ್ನು ವೈದ್ಯರಿಗೆ ತಿಳಿಸಿ. ಸಕ್ಕರೆ ಕಾಯಿಲೆಯವರು ಇದರೊಂದಿಗೆ ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದೆಯೇ ಎಂಬುದನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳಬೇಕು.