ಇಲಿಯಿಂದ ಇಲಿಗೆ ದಾಟಿ ಬಂದ ಗಡ್ಡೆ

ಆ ಹೆಣ್ಣಿಲಿ ಸತ್ತು ನೂರು ವರ್ಷದ ಮೇಲಾಯಿತು. ಅದರ ಗಡ್ಡೆ ಮಾತ್ರ ಇನ್ನೂ ಬದುಕಿದೆ.

20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್, ಇಲಿಯೊಂದರ ಸ್ತನದಲ್ಲಿ ತಾನಾಗಿ ಎದ್ದಿದ್ದ ಕ್ಯಾನ್ಸರನ್ನು ತೆಗೆದು ಮತ್ತೊಂದು ಇಲಿಗೆ ನಾಟಿದರು. ಅದರಿಂದ ಇನ್ನೊಂದಕ್ಕೆ, ಅದರಿಂದ ಮಗದೊಂದಕ್ಕೆ. 1932ರಲ್ಲಿ ಲೋವೆಂಥಾಲ್ ಮತ್ತು ಯಾನ್ ಎಂಬಿಬ್ಬರು ಆ ಗಟ್ಟಿ ಗಡ್ಡೆಯನ್ನು ಹೊಟ್ಟೆಯ ನೀರಿನಲ್ಲಿ ತೇಲುವ ಕೋಶಗಳ ರೂಪಕ್ಕೆ ತಂದ ಮೇಲೆ ಕೆಲಸ ಸಲೀಸಾಯಿತು. ಸಿರಿಂಜಿನಲ್ಲಿ ದ್ರವ ಎಳೆದು, ಸಲೈನಿನಲ್ಲಿ ತೆಳುವಾಗಿಸಿ, ಸೂಕ್ಷ್ಮದರ್ಶಕದಡಿ ಕೋಶ ಎಣಿಸಿ, ಲಕ್ಷಗಟ್ಟಲೆ ಕೋಶಗಳನ್ನು ಹೊಸ ಇಲಿಯ ಹೊಟ್ಟೆಗೆ ಚುಚ್ಚಿದರಾಯಿತು. ಇಪ್ಪತ್ತೈದು ಗ್ರಾಂ ಆಸುಪಾಸಿನ ಆ ಬಿಳಿ ಇಲಿಯ ಹೊಟ್ಟೆ ದಿನೇ ದಿನೇ ಉಬ್ಬುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಎರಡು ಮೂರು ವಾರಕ್ಕೆ ಅದರ ಕಥೆ ಮುಗಿಯುತ್ತದೆ. ಅಷ್ಟರೊಳಗೆ ಗಡ್ಡೆಯನ್ನು ಮುಂದಿನ ಇಲಿಗೆ ದಾಟಿಸಬೇಕು. ದಸರಾ ರಜೆಯೆಂದು ಕಾಯುವಂತಿಲ್ಲ.

ದಸರಾ ಎಂದದ್ದಕ್ಕೆ ಕಾರಣವಿದೆ. ಎರ್ಲಿಕ್ ಗಡ್ಡೆಯ ಸಂತತಿ ಮೈಸೂರಿನ ಮಾನಸಗಂಗೋತ್ರಿಯಲ್ಲೂ ಬೆಳೆಯಿತು. ಮೈಸೂರು ವಿಶ್ವವಿದ್ಯಾಲಯದ ಆನ್ವಯಿಕ ಸಸ್ಯಶಾಸ್ತ್ರ ಮತ್ತು ಜೈವಿಕ ತಂತ್ರಜ್ಞಾನ ವಿಭಾಗದಲ್ಲಿದ್ದ ಭಾರತಿ ಸಾಲಿಮಠ ಮತ್ತು ಅವರ ವಿದ್ಯಾರ್ಥಿಗಳು ಈ ಇಲಿಗಳನ್ನಿಟ್ಟುಕೊಂಡು ಕೇಳಿದ ಪ್ರಶ್ನೆ ಒಂದೇ: ಗಡ್ಡೆ ತನಗೆ ಬೇಕಾದ ರಕ್ತನಾಳಗಳನ್ನು ಹೇಗೆ ಎಳೆದುಕೊಳ್ಳುತ್ತದೆ, ಅದನ್ನು ತಡೆಯುವುದು ಹೇಗೆ? 2002ರಲ್ಲಿ ಜರ್ಮನಿಯ ಡೀಟರ್ ಮಾರ್ಮೆ ಜೊತೆ ಸೇರಿ ಈ ತಂಡ ಪ್ರಕಟಿಸಿದ ಪ್ರಬಂಧದ ನಾಯಕ ಅರಿಶಿನದೊಳಗಿನ ಕರ್ಕ್ಯುಮಿನ್. ಅದನ್ನು ಹೊಟ್ಟೆಯೊಳಗೆ ಚುಚ್ಚಿದ ಇಲಿಗಳಲ್ಲಿ ನೀರು ತುಂಬುವುದು ಶೇ 66ರಷ್ಟು ತಗ್ಗಿತು, ಹೊಸ ರಕ್ತನಾಳಗಳೂ ಕಡಿಮೆಯಾದವು. ಇಲಿಯ ಜೊತೆಗೆ ಅವರು ಬಳಸಿದ ಇನ್ನೊಂದು ಮಾದರಿ ಕೋಳಿಯ ಫಲಿತ ಮೊಟ್ಟೆ. ಮೊಟ್ಟೆಯೊಳಗಿನ ಪೊರೆಯ ಮೇಲೆ ನಾಳಗಳು ಕವಲೊಡೆಯುವುದನ್ನು ಬರಿಗಣ್ಣಿಗೂ ಕಾಣಬಹುದು. ಸಾವಿರಾರು ಡಾಲರಿನ ಯಂತ್ರವಿಲ್ಲದ ವಿಶ್ವವಿದ್ಯಾಲಯಕ್ಕೆ ಮೊಟ್ಟೆ ದೊಡ್ಡ ಆಸರೆ.

ಇಂಥ ಸುದ್ದಿ ವಾಟ್ಸ್ಆ್ಯಪ್‌ಗೆ ಹತ್ತಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಅರಿಶಿನದ ಹಾಲು ಕುಡಿದರೆ ಕ್ಯಾನ್ಸರ್ ಮಾಯ! ಆದರೆ ಬಾಯಿಂದ ತೆಗೆದುಕೊಂಡ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಇಲಿಯ ಹೊಟ್ಟೆಗೆ ನೇರ ಚುಚ್ಚಿದ್ದರ ಫಲಿತಾಂಶ ಇಲಿಯದ್ದೇ ಹೊರತು ನಮ್ಮದಲ್ಲ. ಔಷಧವೊಂದು ಮನುಷ್ಯರ ಮೇಲಿನ ಪ್ರಯೋಗಕ್ಕೆ ಹೋಗುವ ಮುಂಚಿನ ಮೆಟ್ಟಿಲು ಇದು, ಅಷ್ಟೇ.

ಆ ಮೆಟ್ಟಿಲು ಕಟ್ಟುವುದೂ ಹಗುರ ಕೆಲಸವಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, 1998ರ ನಿಯಮಗಳ ಪ್ರಕಾರ ಪ್ರಯೋಗದ ಪ್ರಾಣಿ ಸಾಕುವ ‘ಅನಿಮಲ್ ಹೌಸ್’ ನೋಂದಣಿಯಾಗಬೇಕು. ಪ್ರತಿ ಪ್ರಯೋಗಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಮನುಷ್ಯನ ಗಡ್ಡೆಯನ್ನೇ ಇಲಿಯಲ್ಲಿ ಬೆಳೆಸಬೇಕೆಂದರೆ ಥೈಮಸ್ ಗ್ರಂಥಿಯಿಲ್ಲದ, ಕೂದಲಿಲ್ಲದ ‘ನ್ಯೂಡ್’ ಇಲಿ ಬೇಕು. 1969ರಲ್ಲಿ ಡೆನ್ಮಾರ್ಕಿನ ರೈಗಾರ್ಡ್ ಮತ್ತು ಪೌಲ್ಸನ್ ಇಂಥ ಇಲಿಯಲ್ಲಿ ಮನುಷ್ಯನ ಗಡ್ಡೆಯನ್ನು ಮೊದಲು ಬೆಳೆಸಿದರು. ರೋಗನಿರೋಧಕ ಶಕ್ತಿ ಕುಂದಿದ ಈ ಇಲಿಗೆ ಸೋಸಿದ ಗಾಳಿ, ಆಟೊಕ್ಲೇವ್ ಮಾಡಿದ ಮೇವು, ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲು. ಒಂದು ರಾತ್ರಿ ಕರೆಂಟ್ ಕೈಕೊಟ್ಟರೂ ಅಪಾಯ.

ಇದರ ಜೊತೆಗೆ ತಳಿಶುದ್ಧಿ. ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರೆಯ ದಡದ ದಢೇಸುಗೂರಿನಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಭತ್ತದ ತಳಿಯಲ್ಲಿ ಬೆರಕೆ ಸೇರದಂತೆ, ಬೇರೆ ಬಗೆಯ ತೆನೆ ಕಂಡರೆ ಕಿತ್ತೆಸೆದು, ತಲೆಮಾರಿನಿಂದ ತಲೆಮಾರಿಗೆ ಬೀಜ ಕಾಯುವುದು ಹೇಗೋ ಇದೂ ಹಾಗೆ. ಸತತ ಇಪ್ಪತ್ತು ತಲೆಮಾರು ಅಣ್ಣ-ತಂಗಿ ಇಲಿಗಳನ್ನೇ ಕೂಡಿಸಿದ ಮೇಲಷ್ಟೇ ಅದು ಶುದ್ಧ ತಳಿ ಎನಿಸುತ್ತದೆ.

ಇಷ್ಟೆಲ್ಲ ಮಾಡಿಯೂ ಇಲಿ ದಾರಿ ತಪ್ಪಿಸಬಲ್ಲದು. ಅದನ್ನು ಚೊಕ್ಕವಾಗಿ ತೋರಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನ್ನಪೂರ್ಣಿ ರಂಗರಾಜನ್ ಒಬ್ಬರು. ಅಮೆರಿಕದಲ್ಲಿ ಕ್ಯಾನ್ಸರ್ ವಿಜ್ಞಾನಿ ರಾಬರ್ಟ್ ವೈನ್‌ಬರ್ಗ್ ಜೊತೆಗಿದ್ದಾಗ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಕಂಡದ್ದು ಇದು: ಇಲಿಯ ನಾರುಕೋಶ (ಫೈಬ್ರೊಬ್ಲಾಸ್ಟ್) ಕ್ಯಾನ್ಸರಾಗಲು ಎರಡು ಸಂಕೇತಮಾರ್ಗಗಳು ಕೆಟ್ಟರೆ ಸಾಕು, ಮನುಷ್ಯನ ಕೋಶಕ್ಕೆ ಆರು ಕೆಡಬೇಕು. ಬೆಂಗಳೂರಿಗೆ ಮರಳಿದ ಅವರು ಸ್ತನ ಕ್ಯಾನ್ಸರ್ ಅಧ್ಯಯನಕ್ಕೆ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ರೋಗಿಗಳ ಅಂಗಾಂಶದತ್ತ ತಿರುಗಿದ್ದು ಸಹಜವೇ. 2023ರಲ್ಲಿ ಕೇಂದ್ರ ಸರ್ಕಾರವೂ ಔಷಧ ಪ್ರಯೋಗದ ನಿಯಮ ತಿದ್ದಿ, ಮಾನವ ಕೋಶಗಳಿಂದ ಬೆಳೆಸಿದ ಆರ್ಗನಾಯ್ಡ್‌ನಂಥ ಮಾದರಿಗಳಿಗೆ ದಾರಿ ತೆರೆಯಿತು.

ಹಾಗಾಗಿ ಕ್ಯಾನ್ಸರ್ ಸಂಶೋಧನಾ ಕೇಂದ್ರಕ್ಕೆ ಇಲಿಮನೆಗಿಂತ ಮುಖ್ಯವಾಗಿ ಪಕ್ಕದಲ್ಲೊಂದು ಆಸ್ಪತ್ರೆ ಬೇಕು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಚೂರು ಹಾಳಾಗುವ ಮುಂಚೆ ಪ್ರಯೋಗಾಲಯ ಮುಟ್ಟಬೇಕು. ವಿಜ್ಞಾನ ಸಂಸ್ಥೆ ಈಗ ಆ ಕೊರತೆ ನೀಗಿಸಿಕೊಳ್ಳುತ್ತಿದೆ: ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಕೊಟ್ಟ ₹425 ಕೋಟಿಯ ನೆರವಿನಿಂದ ತನ್ನ ಆವರಣದಲ್ಲೇ 800 ಹಾಸಿಗೆಯ ಆಸ್ಪತ್ರೆ ಮತ್ತು ವೈದ್ಯಕೀಯ ಶಾಲೆ.

ಆದರೆ ರಾಯಚೂರು ಜಿಲ್ಲೆಯ ಮಸ್ಕಿ, ಲಿಂಗಸುಗೂರಿನ ರೋಗಿ ಕಲಬುರಗಿಗೋ ಬೆಂಗಳೂರಿನ ಕಿದ್ವಾಯಿಗೋ ಬಸ್ಸು ಹತ್ತುತ್ತಾನೆ. ಅವನ ಗಡ್ಡೆಯಿಂದ ಏನಾದರೂ ಕಲಿಯುವುದಿದ್ದರೆ ಅದೂ ಅಲ್ಲೇ ನಡೆಯಬೇಕು. ಬೀಜಕ್ಕೆ ಈ ನೆಲದಲ್ಲೇ ಸಂಶೋಧನಾ ಕೇಂದ್ರ ಕಟ್ಟಬಹುದಾದರೆ, ಕಾಯಿಲೆಗೆ ಯಾಕಾಗದು? ರಾಯಚೂರಿಗೆ ಸ್ವಂತ ವಿಶ್ವವಿದ್ಯಾಲಯ ಬಂದಿದೆ, ವೈದ್ಯಕೀಯ ಕಾಲೇಜು ರಿಮ್ಸ್ ಇದೆ. ವಿಜ್ಞಾನ ಸಂಸ್ಥೆಯ ಆ ಆಸ್ಪತ್ರೆಗೆ ಶಂಕುಸ್ಥಾಪನೆಯಾದದ್ದು 2022ರ ಜೂನ್‌ನಲ್ಲಿ. ಅದಕ್ಕೆ ತಿಂಗಳು ಮೊದಲು, ಮೇ 13ರಂದು, ಏಮ್ಸ್ ಬೇಕೆಂದು ರಾಯಚೂರಿನ ಜನ ಧರಣಿ ಕೂತರು. ಆ ಧರಣಿ ಸಾವಿರ ದಿನ ದಾಟಿತು.