ವಿದ್ಯುತ್ ಗಿಟಾರು: ನಾದವೂ ಗದ್ದಲವೂ

ಪಂಚಾಕ್ಷರಿ ಗವಾಯಿಗಳವರು ನಾದವಿದ್ಯೆಯನ್ನು ಬೆಳೆಸಿದ ಗದಗ ಸೀಮೆಯಲ್ಲಿ, ಕಳಸಾಪುರದಂಥ ಗ್ರಾಮಗಳಿಗೂ ತಂಬೂರಿಯ ಝೇಂಕಾರವು ಅಪರಿಚಿತವಲ್ಲ. ಅದು ಗಾಯಕನ ಶ್ರುತಿಗೆ ಅಧೀನವಾದುದು. ವಿದ್ಯುತ್ ಗಿಟಾರಿನ ಗುಂಯ್‌ಗುಡುವ ಸದ್ದಾದರೋ ಯಾರ ಶ್ರುತಿಗೂ ಒಳಪಡದು. ಭಾರತದ ಗೃಹವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳುಳ್ಳದ್ದು. ಗಿಟಾರಿನ ಸುರುಳಿಯು ತಂತಿಯ ಕಂಪನದೊಡನೆ ಅದರ ಕಾಂತಪ್ರಭಾವವನ್ನೂ ಗ್ರಹಿಸುತ್ತದೆ.

1955ರಲ್ಲಿ ಅಮೆರಿಕದ ಗಿಬ್ಸನ್ ಸಂಸ್ಥೆಯ ಸೇತ್ ಲವರ್ ಇದಕ್ಕೆ ಜೋಡಿಸುರುಳಿಯನ್ನು ರೂಪಿಸಿದರು. ಅದರಲ್ಲಿ ಸುರುಳಿಗಳ ಜೋಡಣೆಯೂ ಕಾಂತಧ್ರುವಗಳೂ ಪರಸ್ಪರ ವಿರುದ್ಧವಾಗಿರುವುದರಿಂದ ಗದ್ದಲವು ಅಳಿದು ನಾದವು ಕೂಡಿಕೊಳ್ಳುತ್ತದೆ. ಒಂಟಿಸುರುಳಿಯ ವಾದ್ಯವನ್ನು ಟ್ರಾನ್ಸ್‌ಫಾರ್ಮರಿನಿಂದ ದೂರವಿರಿಸಿ, ವಾದಕನು ಕುಳಿತ ದಿಕ್ಕನ್ನು ಬದಲಿಸಿದರೂ ಸದ್ದು ಬಹುಮಟ್ಟಿಗೆ ತಗ್ಗುವುದು. ವಾದ್ಯದೊಳಗೆ ತಾಮ್ರದ ಹಾಳೆಯ ಕವಚವು ಇತರ ಕರಕರೆಯನ್ನು ತಡೆಯುವುದು.

ಆದರೆ ಸದ್ದಡಗಿಸುವ ಆತುರದಲ್ಲಿ ಧ್ವನಿವರ್ಧಕದ ಭೂಸಂಪರ್ಕದ ತಂತಿಯನ್ನು ಮಾತ್ರ ಎಂದಿಗೂ ಕಡಿದುಹಾಕಬಾರದು. ವಾದಕನ ಪ್ರಾಣಕ್ಕೆ ಅದೇ ಕಾವಲು.